ಮಧ್ಯಾಹ್ನ ತಂಬೂರಿ ಬಿರಡೆ ಜಾರುತ್ತದೆ, ರಾತ್ರಿ ಬಿಗಿಯುತ್ತದೆ: ಏನು ಮಾಡಲಿ?

ಪ್ರಶ್ನೆ (ಕಲಬುರಗಿ):
ಎಲ್ಲರಿಗೂ ಶರಣು. ನನ್ನದು ಮಿರಜಿನ ನಾಲ್ಕು ತಂತಿಯ ತಂಬೂರಿ. ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಸೇರಿಸುತ್ತೇನೆ. ಬೆಳಗ್ಗೆ ಪ ಸ ಸ ಸ ಚೆನ್ನಾಗಿ ಸೇರಿರುತ್ತದೆ. ಮಧ್ಯಾಹ್ನ ಕೂತರೆ ನಡುವಿನ ಜೋಡಿ ತಂತಿಯಲ್ಲಿ ಒಂದು ಇಳಿದಿರುತ್ತದೆ. ಬಿರಡೆ (ತಂತಿ ಬಿಗಿಯುವ ಕಟ್ಟಿಗೆಯ ತಿರುಪು) ತಿರುವಿ ಕೈ ಬಿಟ್ಟರೆ ಕರ್ರ್ ಅಂತ ಹಿಂದಕ್ಕೆ ಬರುತ್ತದೆ. ರಾತ್ರಿ ಅದೇ ಬಿರಡೆ ಅಲುಗುವುದೇ ಇಲ್ಲ! ಖರಜದ (ಕೆಳಗಿನ ಸ ನುಡಿಯುವ) ತಂತಿಯೂ ಟಣ್ ಅಂದು ಸುಮ್ನಾಗುತ್ತದೆ. ಸುತ್ತಿಗೆಯಿಂದ ಒಂದೇಟು ಹಾಕು ಅಂತ ಒಬ್ಬರು ಹೇಳಿದರು, ನನಗೆ ಮನಸ್ಸಾಗಲಿಲ್ಲ. ಅಮಾವಾಸ್ಯೆ ಭಜನೆಯಲ್ಲಿ ತತ್ವಪದ ಹಾಡಬೇಕು.

ಉತ್ತರ (ಬೀದರ್):
ಹೊಡೆಯಲೇಬೇಡಿ ಅಣ್ಣಾರೆ. ಬಿರಡೆಯ ತೂತಿನ ಹತ್ತಿರ ದಂಡಿ (ತಂಬೂರಿಯ ಉದ್ದನೆಯ ಕತ್ತು) ಸೀಳಿದರೆ ರಿಪೇರಿ ಬಹಳ ಕಷ್ಟ. ತಂಬೂರಿ ಎಲ್ಲಿ ಇಡುತ್ತೀರಿ? ಕೂಲರ್ ಹತ್ತಿರವಾ?

ಪ್ರಶ್ನೆ ಕೇಳಿದವರು:
ಹೌದ್ರೀ, ಕೂಲರ್ ಮುಂದೆಯೇ. ಬಿಸಿಲಿಗೆ ಕಟ್ಟಿಗೆ ಬಿರಿಯಬಾರದು ಅಂತ ನಾನೇ ಇಟ್ಟೆ. ಮಧ್ಯಾಹ್ನ ಕರೆಂಟ್ ಹೋದರೆ ಕೂಲರ್ ನಿಲ್ಲುತ್ತದೆ.

ಉತ್ತರ (ಬೀದರ್):
ಹಾಗಾದರೆ ಅದೇ ಕಾರಣ. ಕೂಲರ್ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ರಾತ್ರಿಯೆಲ್ಲ ಅದನ್ನು ಕುಡಿದು ಬಿರಡೆ ಉಬ್ಬುತ್ತದೆ, ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಕೂಲರ್ ನಿಂತ ಮೇಲೆ ನಮ್ಮ ಕಡೆಯ ಒಣ ಗಾಳಿಗೆ ಕುಗ್ಗುತ್ತದೆ, ಜಾರುತ್ತದೆ. ಅದರ ಮೇಲೆ ಬಿಸಿಗೆ ತಂತಿಯೂ ಹಿಗ್ಗಿ ಶ್ರುತಿ ಇಳಿಯುತ್ತದೆ. ಒಳಕೋಣೆಯಲ್ಲಿ, ಗವಸು ಹಾಕಿ, ಹೊರಗೋಡೆಗೆ ತಾಗದಂತೆ ಇಡಿ.

ಈಗ ಬಿರಡೆ. ತಂತಿ ಸಡಿಲಿಸಿ, ಬಿರಡೆ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ತೂತಿಗೆ ಉಜ್ಜಿದ ಜಾಗ ಹೊಳೆಯುತ್ತಿರುತ್ತದೆ. ಆ ಹೊಳಪು ಸುತ್ತಲೂ ಉಂಗುರದಂತೆ ಇದ್ದರೆ ಒಳ್ಳೆಯದು. ಒಂದೇ ಮಗ್ಗುಲಲ್ಲಿದ್ದರೆ ಬಿರಡೆ ಸರಿಯಾಗಿ ಕೂರುತ್ತಿಲ್ಲ, ಅದನ್ನು ಕೆಲಸ ಬಲ್ಲವರೇ ತಿದ್ದಬೇಕು. ಉಂಗುರ ಸರಿ ಇದ್ದರೆ ಒಣ ಬಟ್ಟೆಯಿಂದ ಒರೆಸಿ, ಶಾಲೆಯ ಬಿಳಿ ಸೀಮೆಸುಣ್ಣ ಹಚ್ಚಿ. ಎಣ್ಣೆ ಮಾತ್ರ ಬೇಡ. ತಿರುವುವಾಗ ಬರೀ ತಿರುವಬೇಡಿ, ಒಳಕ್ಕೆ ಒತ್ತುತ್ತಾ ತಿರುವಿ.

ಉತ್ತರ (ಯಾದಗಿರಿ):
ಒಂದು ಸೇರಿಸುತ್ತೇನೆ. ಬಿರಡೆ ತಿರುವುವ ಮುಂಚೆ, ತಂತಿಗೆ ಪೋಣಿಸಿದ ಮಣಿ ಘೋಡಿಗೂ (ತಂತಿಗಳು ಹಾಯುವ ಸೇತುವೆಗೂ) ತಂತಿಯ ಕೆಳಗಿನ ತುದಿಗೂ ನಡುವೆ ಇರಲಿ. ಆಮೇಲೆ ಕೂದಲೆಳೆ ವ್ಯತ್ಯಾಸವನ್ನು ಮಣಿಯಲ್ಲೇ ಸರಿಪಡಿಸಬಹುದು: ಘೋಡಿ ಕಡೆ ಸರಿಸಿದರೆ ಶ್ರುತಿ ಇಳಿಯುತ್ತದೆ, ಕೆಳಗಿನ ತುದಿಯ ಕಡೆ ಸರಿಸಿದರೆ ಏರುತ್ತದೆ.

ಖರಜ ಸತ್ತಂತೆ ನುಡಿಯುವುದು ದಾರದ ತೊಂದರೆ ಅನಿಸುತ್ತದೆ. ಮೊದಲು ಶ್ರುತಿ ಪೂರ್ತಿ ಸೇರಿಸಿ. ಆಮೇಲೆ ತಂತಿ ಮೀಟುತ್ತಾ, ಘೋಡಿ ಮೇಲೆ ತಂತಿಯ ಕೆಳಗಿರುವ ದಾರವನ್ನು ಬಹಳ ನಿಧಾನ ಸರಿಸಿ. ಒಂದು ಕಡೆ ಬಂದಾಗ ಜವಾರಿ (ತಂತಿಯ ಗುಂಯ್‌ಗುಡುವ ನಾದ) ಅರಳುತ್ತದೆ, ಝೇಂಕಾರ ಒಳಗಿಂದ ಬರುತ್ತದೆ. ಅಲ್ಲೇ ಬಿಡಿ.

ಪ್ರಶ್ನೆ ಕೇಳಿದವರು:
ಮೂರು ದಿನ ನೋಡಿ ಬರೆಯುತ್ತಿದ್ದೇನೆ. ಉಂಗುರ ಸುತ್ತಲೂ ಇತ್ತು, ಸೀಮೆಸುಣ್ಣ ಸಾಕಾಯಿತು. ಒಳಕೋಣೆಗೆ ಇಟ್ಟ ಮೇಲೆ ಮಧ್ಯಾಹ್ನ ಮಣಿ ಮಾತ್ರ ಸ್ವಲ್ಪ ಸರಿಸುತ್ತೇನೆ. ಖರಜದ ದಾರ ಸವೆದು ಚಪ್ಪಟೆಯಾಗಿತ್ತು, ಹೊಸ ಹತ್ತಿ ದಾರ ಹಾಕಿದೆ. ಅಕ್ಕಿಕಾಳಿನಷ್ಟು ಸರಿಸಿದ್ದೇ ತಡ, ಮನೆ ತುಂಬಿತು. ಒಳಗಿದ್ದ ಅವ್ವ ಹೊರಗೆ ಬಂದು ಕೂತಳು.