ಚೆಸ್: ಕುದುರೆಯಿಂದ ಪಾನ್ (ಸೈನಿಕ) ತಿಂದದ್ದು ತಪ್ಪಾ?

ಉಡುಪಿಯ ಅಮ್ಮ:
ಮಗಳು ಆರನೇ ಕ್ಲಾಸ್. ಭಾನುವಾರ ಮಂಗಳೂರಿನಲ್ಲಿ ಚೆಸ್ ಟೂರ್ನಮೆಂಟ್ ಇತ್ತು. ಮೂರನೇ ರೌಂಡಿನಲ್ಲಿ ಕಪ್ಪು ಕಾಯಿ ಬಂತು, ಬೇಗನೇ ಸೋತಳು. ಅವಳ ಸ್ಕೋರ್‌ಶೀಟ್ (ನಡೆ ಬರೆದ ಹಾಳೆ) ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಇ4, ಸಿ6 ಅಂದರೆ ಬೋರ್ಡಿನ ಮನೆಗಳ ಹೆಸರು; ಪ್ರತಿ ಸಾಲಿನಲ್ಲಿ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಬರೀ ಮನೆಯ ಹೆಸರಿದ್ದರೆ ಪಾನ್ ನಡೆ.

1. ಇ4 ಇ5
2. ಕುದುರೆ ಎಫ್3, ಕುದುರೆ ಸಿ6
3. ಬಿಷಪ್ ಸಿ4, ಕುದುರೆ ಎಫ್6
4. ಕುದುರೆ ಜಿ5, ಡಿ5

ಐದನೇ ನಡೆಗೆ ಬಿಳಿ ಪಾನ್ ಡಿ5ರಲ್ಲಿ ತಿಂದಿತು. ಇವಳು ಕುದುರೆಯಿಂದ ಅದನ್ನು ತಿಂದಳು. ಎದುರಿನ ಹುಡುಗ ಕುದುರೆಯನ್ನೇ ಎಫ್7ಕ್ಕೆ ಕೊಟ್ಟ. ಇವಳ ರಾಜ ಅದನ್ನು ತಿಂದ. ಕ್ವೀನ್ ಎಫ್3, ಚೆಕ್. ಅಲ್ಲಿಂದ ಅವಳ ಅಕ್ಷರವೇ ಸೊಟ್ಟಗಾಗಿದೆ. ಬಸ್ಸು ಮುಲ್ಕಿ ದಾಟುವವರೆಗೂ ಮಾತಿಲ್ಲ. ಆಮೇಲೆ "ಅಮ್ಮ, ತಿಂದ ಪಾನನ್ನು ವಾಪಸ್ ತಿನ್ನಬೇಕಲ್ವಾ?" ಅಂತ ಕೇಳಿದಳು. ಏನು ಹೇಳಲಿ?

ಕಪ್ಪು ಕುದುರೆ:
ಅಕ್ಕ, ಅವಳ ಯೋಚನೆ ಸರಿಯೇ. ಈ ಒಂದು ಜಾಗದಲ್ಲಿ ಮಾತ್ರ ಅದು ಅಪಾಯ. ಇದಕ್ಕೆ ಫ್ರೈಡ್ ಲಿವರ್ ಅಟ್ಯಾಕ್ ಅಂತ ಹೆಸರು. ಇಟಲಿಯ ಆಟಗಾರ ಪೊಲೆರಿಯೊ 400 ವರ್ಷದ ಹಿಂದೆಯೇ ಆಡಿದ್ದು. ಚೆಕ್ ಬಂದಾಗ ಡಿ5 ಕುದುರೆ ಉಳಿಯಬೇಕಾದರೆ ರಾಜನೇ ಇ6ಕ್ಕೆ, ನಡುಬೋರ್ಡಿಗೆ ಬರಬೇಕು. ಆಮೇಲೆ ಬಿಳಿ ಕುದುರೆ ಸಿ3ಕ್ಕೆ ಬರುತ್ತದೆ. ಬಿಷಪ್, ಕ್ವೀನ್, ಕುದುರೆ, ಮೂರೂ ಡಿ5 ಮೇಲೆ! ಹಿಂದೆಯೇ ರಾಜ ನಿಂತಿರುವುದರಿಂದ ಆ ಕುದುರೆ ಅಲುಗಾಡುವ ಹಾಗೂ ಇಲ್ಲ. ಗಡಿಯಾರ ಓಡುತ್ತಿರುವಾಗ ಮಕ್ಕಳಿಗೆ ಇದನ್ನು ಕಾಯುವುದು ತುಂಬಾ ಕಷ್ಟ.

ಐದನೇ ನಡೆಗೆ ಪಾನ್ ಬಿಟ್ಟು, ಸಿ6 ಕುದುರೆಯನ್ನು ಎ5ಕ್ಕೆ ಇಡಲಿ. ಸಿ4 ಬಿಷಪ್‌ಗೆ ಹೊಡೆತ. ಬಿಷಪ್ ಬಿ5ರಿಂದ ಚೆಕ್ ಕೊಟ್ಟರೆ ಪಾನನ್ನು ಸಿ6ಕ್ಕೆ ಅಡ್ಡ ಇಡಲಿ. ಪಾನ್ ಪಾನನ್ನು ತಿಂದರೆ ಬಿ ಸಾಲಿನ ಪಾನ್‌ನಿಂದ ವಾಪಸ್ ತಿನ್ನಲಿ. ಆ ಬಿಷಪ್ ಮತ್ತೆ ಓಡಬೇಕು. ಎಚ್6 ಆಡಿದರೆ ಜಿ5 ಕುದುರೆಯೂ ಓಡಬೇಕು. ಒಂದು ಪಾನ್ ಹೋಯಿತು ನಿಜ, ಆದರೆ ಅವರು ಓಡುವಷ್ಟರಲ್ಲಿ ಇವಳ ಕಾಯಿಗಳು ಹೊರಗೆ ಬಂದಿರುತ್ತವೆ.

ಸುರತ್ಕಲ್ ಬೋರ್ಡ್:
ಇಷ್ಟೆಲ್ಲ ನೆನಪಿಡುವುದು ಈಗಲೇ ಬೇಡ ಅನಿಸಿದರೆ ಸುಲಭದ ದಾರಿ ಉಂಟು ಮಾರಾಯ್ರೆ. ಮೂರನೇ ನಡೆಗೇ ಬಿಷಪ್ ಸಿ5. ಆಗ ಕುದುರೆ ಜಿ5ಕ್ಕೆ ಬಂದರೆ ಕ್ವೀನ್ ಸುಮ್ನೆ ತಿಂದುಬಿಡುತ್ತದೆ, ದಾರಿ ತೆರೆದೇ ಇರುತ್ತದೆ.

ಉಡುಪಿಯ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟದ ಮೇಜಿನ ಮೇಲೆ ಬೋರ್ಡ್ ಹಾಕಿದೆವು. ಬಿಷಪ್ ಸಿ5 ಸುಲಭ ಅಂತ ನಾನು ಹೇಳಿದರೆ ಅವಳು ಒಪ್ಪಲಿಲ್ಲ. ಕುದುರೆ ಎ5 ನಡೆಯನ್ನೇ ಕಲಿಯುತ್ತಾಳಂತೆ. ನನ್ನನ್ನು ಬಿಳಿ ಕಾಯಿಗೆ ಕೂರಿಸಿ ಮೂರು ಸಲ ಆಡಿಸಿದಳು.