ಕರಡಿ, ಕಾರು, ಮನುಷ್ಯ: 'ಮೂರು' ಅನ್ನೋದಾ, 'ಮೂವರು' ಅನ್ನೋದಾ?

ಒಂದು ನಕ್ಷೆಗೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ಕಾಡಿನ ನಡುವೆ ಹೆದ್ದಾರಿ. ಅದರ ಮೇಲೆ ಮಣ್ಣು ತುಂಬಿ ಗಿಡ ನೆಟ್ಟ ಅಗಲವಾದ ಸೇತುವೆ, ಪ್ರಾಣಿಗಳು ದಾಟಲು. ಕೆಳಗೆ ತಾವೇ ಓಡುವ ಕಾರುಗಳು. ಪಕ್ಕದಲ್ಲಿ ಜನರಿಗೆ ಕಾಲುದಾರಿ. "ಕರಡಿ, ಕಾರು, ಮನುಷ್ಯ, ಈ ಮೂವರಿಗೂ ಒಪ್ಪುವ ವಿನ್ಯಾಸ" ಅಂತ ಬರೆದೆ. ಓದಿ ನೋಡಿದರೆ ಕಾರೂ ಒಬ್ಬ ಆಸಾಮಿ ಆಗಿಬಿಟ್ಟಿತ್ತು. 'ಮೂರಕ್ಕೂ' ಅಂತ ತಿದ್ದಿದೆ. ಈಗ ಮನುಷ್ಯ ಸಾಮಾನಾದ.

ಜನ ಬರುತ್ತಾರೆ, ಕರಡಿ ಬರುತ್ತದೆ, ಕಾರೂ ಬರುತ್ತದೆ. ನಮ್ಮ ವ್ಯಾಕರಣಕ್ಕೆ ಕರಡಿ, ಕಾರು ಒಂದೇ ಗುಂಪು. ವಿನ್ಯಾಸ ಮಾಡುವವರಿಗೆ ಹಾಗಲ್ಲ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿ ದಾಟಲು ಇಂಥ ಸೇತುವೆಗಳೂ ಕೆಳದಾರಿಗಳೂ ಇವೆ. ಗ್ರಿಜ್ಲಿ ಕರಡಿಗಳಿಗೆ ಬಯಲಾಗಿರುವ ಮೇಲ್ಸೇತುವೆ ಇಷ್ಟ. ಕಪ್ಪು ಕರಡಿಗಳು, ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕುಗಳು ಇಕ್ಕಟ್ಟಾದ ಕೆಳದಾರಿಯನ್ನೇ ಜಾಸ್ತಿ ಹಿಡಿಯುತ್ತವೆ. ಇಷ್ಟೆಲ್ಲ ಆರಿಸಿ ನಡೆಯುವ ಕರಡಿಯನ್ನು ಕಾರಿನ ಸಾಲಿಗೆ ಸೇರಿಸಲು ಕೈ ಬರುತ್ತಿಲ್ಲ.

ಹಾಗಂತ ಕಾರು ಬರೀ ವಸ್ತು ಅನ್ನೋದಕ್ಕೂ ಆಗದು. 2017ರಲ್ಲಿ ವೋಲ್ವೊ ಕಂಪನಿಯವರು ಒಂದು ವಿಷಯ ಹೇಳಿದ್ದರು. ಅವರ ಕಾರಿನ ವ್ಯವಸ್ಥೆ ನೆಲವನ್ನು ಆಧಾರ ಮಾಡಿಕೊಂಡು ಪ್ರಾಣಿ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಕಾಂಗರೂ ನೆಗೆದಾಗ ಅದು ದೂರ ಹೋದಂತೆ, ನೆಲಕ್ಕಿಳಿದಾಗ ಹತ್ತಿರ ಬಂದಂತೆ ಕಾರಿಗೆ ಕಂಡಿತು. ನೋಡಿ, 'ಕಾರಿಗೆ ಕಂಡಿತು' ಅಂತ ನಾನೇ ಬರೆದೆ. ನನಗೆ ಕಂಡಿತು, ಕರಡಿಗೆ ಕಂಡಿತು, ಕಾರಿಗೆ ಕಂಡಿತು. ಇಲ್ಲಿ ಯಾವ ಭೇದವೂ ಇಲ್ಲ, ಅಲ್ವಾ?

ಇದೇ ಜಾಡು ಹಿಡಿದು ಆ ಸಾಲನ್ನು "ಕರಡಿಗೂ ಕಾರಿಗೂ ಮನುಷ್ಯನಿಗೂ ಒಪ್ಪುವ ವಿನ್ಯಾಸ" ಅಂತ ಮಾಡಿದೆ. ಎಣಿಸುವ ಗೋಜೇ ಇಲ್ಲ. ಆದರೆ ನಕ್ಷೆಯ ಕೆಳಗೆ ಒಂದು ಪಟ್ಟಿ ಇದೆ, ಅದರ ತಲೆಬರಹಕ್ಕೆ ಮೂರನ್ನೂ ಹಿಡಿಯುವ ಒಂದೇ ಪದ ಬೇಕು. 'ಬಳಕೆದಾರ' ಅಂದರೆ ಕೈಯಲ್ಲಿ ಮೊಬೈಲ್ ಹಿಡಿದವನೇ ಕಣ್ಣ ಮುಂದೆ ಬರುತ್ತಾನೆ. 'ಪಾಲುದಾರ' ದುಡ್ಡು ಹಾಕಿದವನು. 'ಫಲಾನುಭವಿ' ಬೇಡವೇ ಬೇಡ. 'ದಾರಿಹೋಕ' ಮನಸ್ಸಿಗೆ ಹಿಡಿಸಿತು, ಆದರೆ 'ಯಾರೋ ದಾರಿಹೋಕ' ಅನ್ನುವ ಪರಕೀಯತೆ ಅದಕ್ಕೆ ಅಂಟಿಕೊಂಡಿದೆ. ಕಾಡು ಕರಡಿಯದ್ದೇ, ಅದು ಹೇಗೆ ದಾರಿಹೋಕ ಆದೀತು?

ಮಕ್ಕಳ ಕತೆಯಲ್ಲಾದರೆ ಈ ತೊಂದರೆಯೇ ಇಲ್ಲ, ನರಿಯಣ್ಣ ಬಂದ ಅಂದುಬಿಡುತ್ತೇವೆ. ನಕ್ಷೆಯಲ್ಲಿ ಕರಡಿಯಣ್ಣ, ಕಾರಣ್ಣ ಅಂತ ಬರೆಯೋಕಾಗುತ್ತಾ!

ಇನ್ನೊಂದು ದಿಕ್ಕಿನಿಂದಲೂ ಯೋಚಿಸಿದೆ. 'ಜನ ಸೇರಿತ್ತು' ಅನ್ನುತ್ತೇವೆ, 'ಮಗು ಅಳುತ್ತದೆ' ಅನ್ನುತ್ತೇವೆ. ಅಲ್ಲಿ ಮನುಷ್ಯರೂ ಆರಾಮಾಗಿ ನಪುಂಸಕಲಿಂಗಕ್ಕೆ ಬಂದಿದ್ದಾರೆ, ಯಾರಿಗೂ ಬೇಜಾರಿಲ್ಲ. ಹಾಗಾದರೆ 'ಮನುಷ್ಯ' ಬಿಟ್ಟು 'ಜನ' ಹಾಕಿದರೆ? "ಕರಡಿ, ಕಾರು, ಜನ, ಮೂರೂ ಓಡಾಡುವ ಜಾಗ." ನನ್ನ ಕಿವಿಗೆ ಇದು ಒರಟಾಗಿ ಕೇಳಿಸುತ್ತಿಲ್ಲ. ನಿಮಗೆ?

ಹೀಗೆ 'ಓಡಾಟ' ಅನ್ನುವ ಪದ ಸಿಕ್ಕಿತು. ಕರಡಿ ಓಡಾಟ, ಕಾರಿನ ಓಡಾಟ, ಜನರ ಓಡಾಟ, ಎಲ್ಲಕ್ಕೂ ಹೊಂದುತ್ತದೆ. ಖುಷಿಯಲ್ಲಿ ಪಟ್ಟಿಯ ಮೊದಲ ಸಾಲಿಗೆ ತಲೆಬರಹ ಹಾಕಲು ಹೋದೆ. 'ಯಾರ ಓಡಾಟ' ಅಂತ ಬರೆಯಲಾ, 'ಯಾವುದರ ಓಡಾಟ' ಅಂತ ಬರೆಯಲಾ?