ಅಣ್ಣನ ಜೊತೆ ಎಎ ಮೀಟಿಂಗ್‌ಗೆ ಹೋಗಬಹುದಾ?

ಕುಡಿತ ಬಿಡ್ತೀನಿ ಅಂತ ನಮ್ಮಣ್ಣ ಮೊನ್ನೆ ತಾನಾಗಿಯೇ ಹೇಳಿದ. ಬೆಂಗಳೂರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಒಬ್ಬನೇ ಹೋಗಲು ಹೆದರುತ್ತಿದ್ದಾನೆ. ನಾನೂ ಹೋಗಬಹುದಾ? ಫೀಸ್ ಎಷ್ಟು?

ಉತ್ತರ 1: ಫೀಸ್ ಇಲ್ಲ. ಬಿಡುವ ಮನಸ್ಸಿದ್ದರೆ ಸಾಕು, ಪೂರ್ತಿ ಹೆಸರೂ ಹೇಳಬೇಕಿಲ್ಲ. ಓಪನ್ ಮೀಟಿಂಗ್ ಆದರೆ ನೀವೂ ಕೂರಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ, ಅದನ್ನು ಮೊದಲೇ ಕೇಳಿಕೊಳ್ಳಿ. ಮೊದಲ ದಿನ ನಾನು ಬಾಗಿಲ ಹತ್ತಿರ ಸುಮ್ನೆ ಕೂತಿದ್ದೆ, ಮಾತಾಡು ಅಂತ ಯಾರೂ ಒತ್ತಾಯ ಮಾಡಲಿಲ್ಲ.

ಉತ್ತರ 2: ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ದಯವಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ.

ಉತ್ತರ 3: ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ. ನೀವೂ ಹೋಗಿ, ನಿಮಗೂ ಸಾಕಾಗಿರುತ್ತೆ ಅಲ್ವಾ?